ಮಗಳ ಮಳೆ ಪುಸ್ತಕ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. 'ಬುದ್ಧಿ ಇದೆ, ಮನಸ್ಸಿಟ್ಟು ಮಾಡಲ್ಲ' ಅಂತ ನಿನ್ನ ಮಗನ ಟೀಚರ್ ಹೇಳಿದರು ಅಂದೆಯಲ್ಲ, ನನ್ನ ಮಗಳ ಬಗ್ಗೆ ಆ ಮಾತನ್ನು ಮೂರು ವರ್ಷ ಕೇಳಿದ್ದೇನೆ. ಕೇಳಿ ಕೇಳಿ ನಾನೂ ಅವಳಿಗೆ ಅದನ್ನೇ ಹೇಳಿದೆ. ನೀನು ಹೇಳಬೇಡ.

ನಮ್ಮ ಅಂಗಳದ ಮಳೆ ಅಳೆಯುವ ರೈನ್‌ಗೇಜ್ ನೋಡಿದ್ದೀಯಲ್ಲ? ನಮ್ಮಪ್ಪ ತೀರಿಕೊಂಡ ಮೇಲೆ ಮಳೆ ಪುಸ್ತಕ ಬರೆಯುವುದು ಅವಳೇ. 2 ಇಂಚು 40 ಸೆಂಟು (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಅಂದರೆ 61 ಮಿಲಿಮೀಟರ್ ಅಂತ ಬಾಯಲ್ಲೇ ಲೆಕ್ಕ ಹೇಳುತ್ತಾಳೆ. ಅದೇ ಹುಡುಗಿಗೆ ಬೋರ್ಡ್ ಮೇಲಿನ ನಾಲ್ಕು ಸಾಲು ಬರೆದು ಮುಗಿಸಲು ಆಗುವುದಿಲ್ಲ. ಎರಡನೇ ಸಾಲಿಗೇ ಕಣ್ಣು ಕಿಟಕಿ ಕಡೆ. ಗಲಾಟೆ ಮಾಡುವವಳಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಹೆಣ್ಣುಮಕ್ಕಳ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಎಷ್ಟೋ ಸಲ ಹೀಗೇ ಕಣ್ತಪ್ಪಿ ಹೋಗುತ್ತದೆ.

ಜೊತೆಗೆ ಭಯ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದಾಗ ಅವಳಿನ್ನೂ ಚಿಕ್ಕವಳು. ಆದರೆ ಮನೆಯಲ್ಲಿ ಆ ಮಾತು ನಿಂತೇ ಇಲ್ಲ, ಅಲ್ವಾ? ರಾತ್ರಿ ಮಳೆ ಜೋರಾದರೆ ಹೊಟ್ಟೆನೋವು ಅಂತಾಳೆ. ಸುಳ್ಳಲ್ಲ ಮಾರಾಯ, ಆತಂಕಕ್ಕೆ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಒಂದು ಸಂಜೆ ಹೋಮ್‌ವರ್ಕ್ ಮುಗಿಸಲಿಲ್ಲ ಅಂತ ಮಳೆ ಪುಸ್ತಕ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ರಾತ್ರಿಯಿಡೀ ಅವಳು ಮಲಗಲಿಲ್ಲ. ಬೆಳಗ್ಗೆ ಹೇಳಿದಳು: "ಎಷ್ಟು ಬಿತ್ತು ಅಂತ ಬರೆದರೆ ನಂಗೆ ಭಯ ಆಗಲ್ಲ ಅಪ್ಪಾ." ಅವಳನ್ನು ಹಿಡಿದು ನಿಲ್ಲಿಸಿದ್ದನ್ನೇ ನಾನು ಕಿತ್ತುಕೊಂಡಿದ್ದೆ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಆಮೇಲೆ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಎಡಿಎಚ್‌ಡಿ ಪತ್ತೆಗೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಮನೆಯಲ್ಲಿ ಹೇಗೆ, ಶಾಲೆಯಲ್ಲಿ ಹೇಗೆ ಅಂತ ಎರಡೂ ಕಡೆಯಿಂದ ಕೇಳಿ ತಿಳಿಯುತ್ತಾರೆ. ಹೋಗುವಾಗ ಹಳೇ ನೋಟ್‌ಬುಕ್, ಮಾರ್ಕ್ಸ್‌ಕಾರ್ಡ್ ಇಟ್ಟುಕೋ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಶಾಲೆಯಲ್ಲಿ ಅವಳಿಗೆ ಮುಂದಿನ ಬೆಂಚು. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇವೆ. ಹದಿನೈದು ನಿಮಿಷ ಓದು, ಆಮೇಲೆ ಅಂಗಳಕ್ಕೆ ಒಂದು ಸುತ್ತು. ಬೋರ್ಡ್ ಮೇಲಿನದು ಅರ್ಧ ಬರೆದರೂ ಸಾಕು ಅಂತ ಹೊಸ ಟೀಚರ್ ಒಪ್ಪಿದ್ದಾರೆ. ಪೆನ್ಸಿಲ್ ಈಗಲೂ ಕಳೆಯುತ್ತಾಳೆ, ಕಳೆಯಲಿ.

ದಸರಾ ರಜೆಗೆ ಮಗನನ್ನು ಕರ್ಕೊಂಡು ಬಾ. ಅವನಿಗೆ ಅಳತೆ ತೋರಿಸಬೇಕು ಅಂತ ಇವಳು ಈಗಲೇ ಪುಸ್ತಕದಲ್ಲಿ ಒಂದು ಪುಟ ಬಿಟ್ಟಿದ್ದಾಳೆ.

ನಿನ್ನ
ಹಳೇ ಬೆಂಚಿನ ಗೆಳೆಯ