ದೀಪ ಹಚ್ಚುವ ಮುನ್ನ ಎಣ್ಣೆಯ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ನಮ್ಮ ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಡೇರಿ ವೃತ್ತದಿಂದ ನಾಗವಾರದವರೆಗಿನ 12 ನಿಲ್ದಾಣಗಳು ನೆಲದಡಿಯಲ್ಲಿವೆ. ಬಿಸಿಲು ತಲುಪದ ಇಂಥ ಕಡೆ ಗೋಡೆಚಿತ್ರಗಳಿಗಿಂತ ಬೆಳಕಿನ ಕಲೆಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಇಟಲಿಯ ನೇಪಲ್ಸ್‌ನಲ್ಲಿ 2012ರಲ್ಲಿ ತೆರೆದ ಟೊಲೆಡೊ ನಿಲ್ದಾಣದಲ್ಲಿ ರಸ್ತೆಯಿಂದ ಆಳದ ಹಜಾರದವರೆಗೆ ಬಾವಿಯಂತೆ ಬೆಳಕಿನ ಕಂಡಿಯೊಂದು ಇಳಿದಿದೆ. ಕೆಳಗೆ ನಿಂತು ಕತ್ತೆತ್ತಿದವರಿಗೆ ನೀಲಿ ಮೊಸಾಯಿಕ್‌ನ ನಡುವೆ ಮೇಲಿನ ಹಗಲು ಕಾಣುತ್ತದೆ.

ಆದರೆ ನಾನು ಬರೆಯಹೊರಟದ್ದು ಅದರ ಸೊಬಗಿನ ಬಗ್ಗೆಯಲ್ಲ, ನಿರ್ವಹಣೆಯ ಬಗ್ಗೆ. ಕೆನಡಾದ ಟೊರಾಂಟೊದ ಯಾರ್ಕ್‌ಡೇಲ್ ನಿಲ್ದಾಣದ ಕಮಾನು ಚಾವಣಿಗೆ 1978ರಲ್ಲಿ ಮೈಕೆಲ್ ಹೇಡನ್ ಎಂಬ ಕಲಾವಿದರು ಬಣ್ಣಬಣ್ಣದ ನಿಯಾನ್ ಕೊಳವೆಗಳ ‘ಕಾಮನಬಿಲ್ಲು’ ಜೋಡಿಸಿದ್ದರು. ರೈಲು ಬಂದಾಗ ಬಣ್ಣಗಳೂ ಚಾವಣಿಯುದ್ದಕ್ಕೂ ಓಡುತ್ತಿದ್ದವು. ವಿದ್ಯುತ್ ಭಾಗಗಳು ಕೆಡುತ್ತಾ ಬಂದವು, ದುರಸ್ತಿಗೆ ಹಣ ಒದಗಲಿಲ್ಲ, 1990ರ ದಶಕದಲ್ಲಿ ಅದನ್ನು ಕಳಚಿ ಇಳಿಸಿದರು.

ಅಷ್ಟು ದೂರ ಹೋಗಬೇಕಿಲ್ಲ. ನನ್ನ ಹುಟ್ಟೂರಿನ ವೃತ್ತವೊಂದರಲ್ಲಿ ಬಣ್ಣದ ದೀಪಗಳ ಕಾರಂಜಿ ಉದ್ಘಾಟನೆಯಾದ ಎರಡನೆಯ ಮಳೆಗಾಲಕ್ಕೆ ಮೊದಲು ಹಸಿರು, ಆಮೇಲೆ ಕೆಂಪು ಆರಿಹೋಯಿತು. ವಿಚಾರಿಸಿದಾಗ, ಗುತ್ತಿಗೆ ಕೊಟ್ಟದ್ದು ಅಳವಡಿಕೆಗೆ ಮಾತ್ರ ಎಂಬ ಉತ್ತರ ಬಂತು. ಈಗ ಆ ತೊಟ್ಟಿಯಲ್ಲಿ ಎಳನೀರಿನ ಬುರುಡೆಗಳಿವೆ.

ಆದ್ದರಿಂದ ಬೆಳಕಿನ ಕಲಾಕೃತಿಗೆ ಟೆಂಡರ್ ಕರೆಯುವಾಗಲೇ ಕನಿಷ್ಠ ಹತ್ತು ವರ್ಷದ ನಿರ್ವಹಣೆಯ ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವಂಥ ಬಿಡಿಭಾಗಗಳನ್ನೇ ಬಳಸಬೇಕು; ಕೊನೆಯ ರೈಲು ಹೋದ ಮೇಲೆ ಏಣಿ ಹಾಕಿ ದೀಪ ಬದಲಿಸುವಂತಿರಬೇಕು. ಹಳಿಯ ನೆತ್ತಿಯ ಮೇಲೆ ಕೈಗೆಟುಕದ ಕಡೆ ತೂಗುಹಾಕಿದ್ದನ್ನು ಒಮ್ಮೆ ಕೆಟ್ಟ ಮೇಲೆ ಮುಟ್ಟುವವರಿರುವುದಿಲ್ಲ.

ಕಲಾಕೃತಿಯನ್ನು ಯಾರು, ಹೇಗೆ ಬಳಸಬಹುದು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ಅದೇ ಟೊರಾಂಟೊದಲ್ಲಿ 2017ರಲ್ಲಿ ತೆರೆದ ಪಯನೀರ್ ವಿಲೇಜ್ ನಿಲ್ದಾಣದಲ್ಲಿ, ಪ್ರಯಾಣಿಕರು ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳನ್ನು ಪ್ಲಾಟ್‌ಫಾರಂನ ದೀಪಗಳೇ ಮೂಡಿಸುವ ವ್ಯವಸ್ಥೆ ಮಾಡಿದ್ದರು. ಯಾರಾದರೂ ದ್ವೇಷದ ಮಾತು ಬರೆದಾರೆಂಬ ಅಂಜಿಕೆಯಿಂದ, ನಿಲ್ದಾಣ ತೆರೆದ ಮೇಲೂ ಅದನ್ನು ವರ್ಷಗಟ್ಟಲೆ ಬಳಕೆಗೆ ಬಿಡಲಿಲ್ಲ. (ಇಂಥದ್ದನ್ನು ಇಲ್ಲಿ ತರುವುದಾದರೆ, ರೋಮನ್ ಅಕ್ಷರಗಳಿಗೆಂದು ಮಾಡಿದ ನೇರ ಕಡ್ಡಿಗಳ ಚೌಕಟ್ಟಿನಲ್ಲಿ ನಮ್ಮ ಒತ್ತಕ್ಷರಕ್ಕೆ ಜಾಗವೇ ಇರುವುದಿಲ್ಲ, ‘ಅಕ್ಕ’ ಎಂದು ಬರೆಯಲೂ ಬೇರೆ ಚೌಕಟ್ಟೇ ಬೇಕು.)

ಕಲಾಕೃತಿಯ ಪಕ್ಕದ ಫಲಕದಲ್ಲಿ ಕಲಾವಿದರ ಹೆಸರಿನ ಕೆಳಗೆ, ದೀಪ ಕೆಟ್ಟರೆ ತಿಳಿಸಬೇಕಾದ ದೂರವಾಣಿ ಸಂಖ್ಯೆಯನ್ನೂ ಕನ್ನಡದಲ್ಲಿ ಬರೆಸಲಿ. ದಿನವೂ ಅದರಡಿ ಓಡಾಡುವ ನಾವು ಕರೆ ಮಾಡುತ್ತೇವೆ.

– ಒಬ್ಬ ಮೆಟ್ರೊ ಪ್ರಯಾಣಿಕ, ಬೆಂಗಳೂರು