ನಮ್ಮ ನಕ್ಷೆಯನ್ನು ಕೈಗೆತ್ತಿಕೊಂಡವರಿಗೆ

ಮಧ್ಯ ಫ್ರಾನ್ಸಿನ ಕ್ರೋಜ್ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾವು ಕೊಂಡ ಹಳೆಯ ಕಲ್ಲುಮನೆಯನ್ನೂ ಅದಕ್ಕೆ ಅಂಟಿಕೊಂಡಿರುವ ಕೊಟ್ಟಿಗೆಯನ್ನೂ ಒಂದುಗೂಡಿಸಿ ನವೀಕರಿಸಲು ಬೇಕಿದ್ದ ಕಟ್ಟಡ ಪರವಾನಗಿ ಕೈಸೇರಿದೆ. ಪರವಾನಗಿಯ ಫಲಕವನ್ನು ರಸ್ತೆಗೆ ಕಾಣುವಂತೆ ನಿಲ್ಲಿಸಿದ ಮೇಲೆ ಆಕ್ಷೇಪಣೆಗೆಂದು ಕಾನೂನು ಕೊಡುವ ಎರಡು ತಿಂಗಳ ಗಡುವು ಯಾವ ತಕರಾರೂ ಇಲ್ಲದೆ ಮುಗಿದಿರುವುದರಿಂದ, ನೆರವಾದವರನ್ನೆಲ್ಲ ಬಹಿರಂಗವಾಗಿ ನೆನೆಯಲು ಇದೇ ಸರಿಯಾದ ಸಮಯವೆಂದು ಭಾವಿಸಿದ್ದೇನೆ.

ಮನೆಯ ನಕ್ಷೆಗಳನ್ನು ನಾನೂ ನನ್ನ ಪತಿಯೂ ಗ್ರಾಫ್ ಹಾಳೆಯ ಮೇಲೆ ನಾವೇ ಬರೆದಿದ್ದೆವು. ಫ್ರಾನ್ಸಿನಲ್ಲಿ ಸ್ವಂತ ವಾಸಕ್ಕೆ ಸಣ್ಣ ಮನೆ ಕಟ್ಟಿಕೊಳ್ಳುವವರು ತಮ್ಮದೇ ನಕ್ಷೆಯೊಂದಿಗೆ ಅರ್ಜಿ ಹಾಕಬಹುದು. 1977ರ ಜನವರಿ 3ರ ವಾಸ್ತುಶಿಲ್ಪ ಕಾನೂನಿನಡಿ ಇರುವ ಈ ವಿನಾಯಿತಿಯ ಮಿತಿ ಮೊದಲು 170 ಚದರ ಮೀಟರ್ ಇತ್ತು. 2017ರ ಮಾರ್ಚ್ 1ರಿಂದ ಅದು 150ಕ್ಕೆ ಇಳಿದಿದೆ. ಕೊಟ್ಟಿಗೆ ಸೇರಿದೊಡನೆ ನಮ್ಮ ಮನೆ ಆ ಮಿತಿಯನ್ನು ದಾಟುತ್ತಿತ್ತು. ದಾಟಿದ ಮೇಲೆ ನೋಂದಾಯಿತ ವಾಸ್ತುಶಿಲ್ಪಿಯೇ ಯೋಜನೆಯನ್ನು ರೂಪಿಸಬೇಕು. ಬೇರೆಯವರು ಬರೆದುಕೊಟ್ಟ ನಕ್ಷೆಗೆ ಸುಮ್ಮನೆ ಸಹಿ ಹಾಕಿ ಮೊಹರು ಒತ್ತುವುದು ಅವರಿಗೆ ನಿಷಿದ್ಧ. ಆದ್ದರಿಂದಲೇ ನಾವು ವಿಚಾರಿಸಿದ ಹಲವರು ವಿನಯದಿಂದಲೇ ಒಲ್ಲೆನೆಂದರು. ಅವರ ನಿಲುವು ನ್ಯಾಯವಾದದ್ದೆಂದು ನಾನು ಮನಸಾರೆ ಒಪ್ಪುತ್ತೇನೆ, ಏಕೆಂದರೆ ಗೋಡೆ ಕುಸಿದರೆ ಹೊಣೆ ಹೊರಬೇಕಾದವರು ಅವರು.

ಮೊದಲ ವಂದನೆ ನಮ್ಮ ವಾಸ್ತುಶಿಲ್ಪಿಗೆ ಸಲ್ಲಬೇಕು. "ನಾನು ಸಹಿ ಮಾಡುವುದು ನಾನು ಬರೆದದ್ದಕ್ಕೆ ಮಾತ್ರ, ಆದರೆ ನೀವು ಬರೆದದ್ದನ್ನು ಓದಿಯೇ ಬರೆಯುತ್ತೇನೆ" ಎಂದು ಅವರು ಮೊದಲ ಭೇಟಿಯಲ್ಲೇ ಹೇಳಿದರು, ಹಾಗೆಯೇ ನಡೆದುಕೊಂಡರು. ಕೊಟ್ಟಿಗೆಯ ಉದ್ದಗಲವನ್ನಷ್ಟೇ ಅಲ್ಲದೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಸಿ ಎರಡೂ ಕರ್ಣಗಳನ್ನು ಅಳೆಸಿದರು. ಎರಡರ ಅಳತೆ ಬೇರೆಬೇರೆ ಬಂದು ಮೂಲೆಗಳು ಸರಿಯಾದ ಲಂಬಕೋನದಲ್ಲಿಲ್ಲವೆಂದು ತಿಳಿದಾಗ, ಹಳೆಯ ಕಲ್ಲುಕಟ್ಟಡದಲ್ಲಿ ಇದು ಸಹಜವೆಂದೂ ಹೊಸ ಅಟ್ಟದ ತೊಲೆಗಳನ್ನು ಒಂದೊಂದಾಗಿಯೇ ಅಳೆದು ಕೊಯ್ಯಿಸಬೇಕಾಗುತ್ತದೆಂದೂ ವಿವರಿಸಿದರು. ಆಮೇಲೆ ನಮ್ಮ ಹಾಳೆಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಹಾಸಿ, ಪೆನ್ಸಿಲಿನಿಂದ ಗೋಡೆಗಳನ್ನು ಮತ್ತೆ ಎಳೆಯತೊಡಗಿದರು. ಮನೆಗೂ ಕೊಟ್ಟಿಗೆಗೂ ನಡುವೆ ಇರುವ ಗೋಡೆ ಮಾಡಿನ ಭಾರವನ್ನು ಹೊತ್ತಿರುವುದರಿಂದ ನಾವು ಬಯಸಿದ ಅಗಲವಾದ ತೆರಪನ್ನು ಕಿರಿದುಗೊಳಿಸಿ ಮೇಲೆ ಕಲ್ಲಿನ ಅಡ್ಡಪಟ್ಟಿಯನ್ನು ಸೂಚಿಸಿದರು, ಮೆಟ್ಟಿಲನ್ನು ಉತ್ತರದ ಗೋಡೆಗೆ ಸರಿಸಿದರು. ಆದರೆ ಪೂರ್ವದ ಕಿಟಕಿಯ ಕೆಳಗಿನ ಅಡುಗೆಮನೆಯನ್ನೂ, ಧಾರವಾಡದಿಂದ ಬರುವ ಅಪ್ಪ ಅಮ್ಮನಿಗೆಂದು ನೆಲಮಟ್ಟದಲ್ಲಿಯೇ ಇಟ್ಟಿದ್ದ ಕೋಣೆ ಮತ್ತು ಬಚ್ಚಲನ್ನೂ ಇದ್ದಲ್ಲಿಯೇ ಉಳಿಸಿದರು. ಮಂಡಿನೋವಿರುವ ಅಮ್ಮ ಮೆಟ್ಟಿಲು ಹತ್ತದೆ ಇರಬೇಕೆಂಬ ನಮ್ಮ ಆಸೆಯನ್ನು ಅವರು ತಮ್ಮ ವಿವರಣಾ ಟಿಪ್ಪಣಿಯಲ್ಲಿ ಯೋಜನೆಯ ಉದ್ದೇಶವೆಂದೇ ಬರೆದಿದ್ದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಅವರಿಗಿಂತ ಮೊದಲೇ ನಮಗೆ ದಾರಿ ತೋರಿಸಿದ್ದು ಜಿಲ್ಲೆಯ ವಾಸ್ತುಶಿಲ್ಪ ಸಲಹಾ ಮಂಡಳಿ. ಸಿ.ಎ.ಯು.ಇ. ಎಂದು ಕರೆಯುವ ಈ ಸಂಸ್ಥೆಗಳು ಅದೇ 1977ರ ಕಾನೂನಿನಿಂದ ಹುಟ್ಟಿದವು. ಕಟ್ಟಬಯಸುವ ಸಾಮಾನ್ಯ ಜನರಿಗೆ ಇಲ್ಲಿ ಸಲಹೆ ಉಚಿತ. ಒಂದು ಕೈಯಿಂದ ನಿಯಮ ವಿಧಿಸಿದ ಕಾನೂನು ಇನ್ನೊಂದು ಕೈಯಿಂದ ಇಂಥ ಆಸರೆಯನ್ನೂ ಕೊಟ್ಟಿರುವುದು ನನ್ನ ಮಟ್ಟಿಗೆ ತುಂಬ ದೊಡ್ಡ ಮಾತು. ಅಲ್ಲಿಯ ಸಲಹೆಗಾರರು ನಕ್ಷೆ ಬರೆದುಕೊಡುವುದಿಲ್ಲ, ಆದರೆ ಯಾವ ಪ್ರಶ್ನೆಗಳನ್ನು ಹಿಡಿದು ವಾಸ್ತುಶಿಲ್ಪಿಯ ಬಳಿ ಹೋಗಬೇಕೆಂಬುದನ್ನು ಬಿಡಿಸಿ ಹೇಳುತ್ತಾರೆ.

ಊರಿನ ಚರ್ಚು ಸಂರಕ್ಷಿತ ಸ್ಮಾರಕ, ನಮ್ಮ ಮನೆ ಅದರಿಂದ 500 ಮೀಟರ್ ಅಂತರದೊಳಗೆ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದೆ. ಹೀಗಾಗಿ ಸ್ಮಾರಕಗಳ ಹೊಣೆ ಹೊತ್ತ ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆಯೂ ಬೇಕಾಯಿತು. ಮನೆಯ ಪರವಾನಗಿಗೆ ಸಾಮಾನ್ಯವಾಗಿರುವ ಎರಡು ತಿಂಗಳ ಪರಿಶೀಲನಾ ಅವಧಿ ಮೂರಕ್ಕೆ ಏರಿತು. ಮರದ ಕಿಟಕಿಗಳು, ಸಿಮೆಂಟಿನ ಬದಲು ಸುಣ್ಣದ ಗಾರೆ, ಚರ್ಚಿಗೆ ಕಾಣದ ಮಗ್ಗುಲಲ್ಲಿ ಮಾತ್ರ ಮಾಡಿನ ಬೆಳಕಿಂಡಿ ಎಂಬ ಅವರ ಷರತ್ತುಗಳಿಂದ ಖರ್ಚು ಹೆಚ್ಚುವುದು ನಿಜ, ಆದರೆ ಗ್ರಾನೈಟ್ ಗೋಡೆಯೊಳಗಿನ ತೇವ ಹೊರಗೆ ಆರಲು ಸುಣ್ಣವೇ ಬೇಕೆಂಬುದನ್ನು ತಿಳಿದ ಮೇಲೆ ಆ ಷರತ್ತಿಗಾಗಿಯೂ ಕೃತಜ್ಞಳಾಗಿದ್ದೇನೆ.

ಇದನ್ನು ನನಗೆ ಮೊದಲು ಹೇಳಿದವರು ಪಕ್ಕದ ಮನೆಯ ನಿವೃತ್ತ ಮೇಸ್ತ್ರಿ. ಕ್ರೋಜ್ ಎಂದರೆ ಗಾರೆ ಕೆಲಸದವರ ನಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಸಾವಿರಾರು ಗಂಡಸರು ಕೆಲಸದ ಹಂಗಾಮಿಗೆ ಪ್ಯಾರಿಸಿಗೆ ಹೋಗಿ ಕಟ್ಟಡಗಳನ್ನು ಕಟ್ಟಿದರು. ಇಲ್ಲಿಯೇ ಹುಟ್ಟಿದ ಮಾರ್ತಾಂ ನಾದೋ (1815–1898) ಹಾಗೆ ಮೇಸ್ತ್ರಿಯಾಗಿ ಹೋಗಿ ಮುಂದೆ ಸಂಸತ್ ಸದಸ್ಯರೂ ಆದರು. ಆ ಪರಂಪರೆಯ ನಮ್ಮ ನೆರೆಯವರು ಮಳೆಯಲ್ಲೂ ಬಂದು ಗೋಡೆ ತಟ್ಟಿ ನೋಡಿ, ಎಲ್ಲಿ ಕಲ್ಲು ಸಡಿಲವಾಗಿದೆಯೆಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟರು.

ಊರಾಡಳಿತದ ಕಚೇರಿಯ ಕಾರ್ಯದರ್ಶಿಯವರಿಗೆ ವಿಶೇಷ ನಮನ. ಅವರು ಅರ್ಜಿಯ ಕಾಗದಗಳನ್ನು ಒಂದೊಂದಾಗಿ ತಿರುವಿ, ಊರಿನಲ್ಲಿ ಒಳಚರಂಡಿ ಇಲ್ಲದ ಕಾರಣ ಮಲಗುಂಡಿ ವ್ಯವಸ್ಥೆಯ ಅನುಮೋದನಾ ಪತ್ರವನ್ನೂ ಲಗತ್ತಿಸಬೇಕೆಂದು ಮುಂಚಿತವಾಗಿಯೇ ನೆನಪಿಸಿದ್ದರಿಂದ ಅರ್ಜಿ ಒಮ್ಮೆಯೂ ಹಿಂದಿರುಗಲಿಲ್ಲ. ನನ್ನ ಫ್ರೆಂಚ್ ಪತ್ರಗಳನ್ನು ತಿದ್ದಿಕೊಟ್ಟ ಲಿಮೋಜ್ ನಗರದ ಗೆಳತಿಗೂ, ಫೋನಿನಲ್ಲಿ ಧೈರ್ಯ ತುಂಬಿದ ಧಾರವಾಡದ ಮನೆಯವರಿಗೂ ಋಣಿಯಾಗಿದ್ದೇನೆ.

ವಸಂತದಲ್ಲಿ ಮಾಡಿನ ಕೆಲಸ ಮೊದಲಾಗುತ್ತದೆ. ಫ್ರಾನ್ಸಿನ ಹಳ್ಳಿಗಳಲ್ಲಿ ಹೀಗೆಯೇ ತಾವೇ ನಕ್ಷೆ ಬರೆದುಕೊಂಡು ಕುಳಿತಿರುವ ಕನ್ನಡಿಗರು ಯಾರಾದರೂ ಇದ್ದರೆ, ನಮ್ಮ ಮೂಲ ಹಾಳೆಗಳನ್ನೂ ವಾಸ್ತುಶಿಲ್ಪಿಯವರ ಅನುಮತಿಯೊಂದಿಗೆ ಅವರು ಬರೆದ ನಕ್ಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಲು ಸಂತೋಷದಿಂದ ಸಿದ್ಧರಿದ್ದೇವೆ.