ಕಸಿನ್ಸ್ ದಂಪತಿಯಲ್ಲಿ ಒಬ್ಬರನ್ನೇ ನೆನೆದರೆ ಹೇಗೆ?

ಮಾನ್ಯರೇ,

ಕುವೆಂಪು ಜನ್ಮದಿನವಾದ ಡಿಸೆಂಬರ್ 29 ಬಂತೆಂದರೆ ಅವರ ಜೊತೆಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೆಸರೂ ವೇದಿಕೆಗಳ ಮೇಲೆ ಕೇಳಿಸುತ್ತದೆ. 1924ರಲ್ಲಿ ಮೈಸೂರಿನಲ್ಲಿ ತರುಣ ಕವಿ ತೋರಿಸಿದ ಇಂಗ್ಲಿಷ್ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಲು ಹೇಳಿದವರು ಅವರು. ಆ ಋಣ ದೊಡ್ಡದೇ. ಆದರೆ ಕಳೆದ ಸಲ ನಾನು ಕೇಳಿದ ಭಾಷಣದಲ್ಲಿ ಅವರ ಮಡದಿ ಮಾರ್ಗರೆಟ್ ‘ಪತ್ನೀಸಮೇತರಾಗಿ ಭಾರತಕ್ಕೆ ಬಂದರು’ ಎಂಬ ಒಂದು ಮಾತಿನಲ್ಲಿ ಮುಗಿದುಹೋದರು.

ಈ ‘ಪತ್ನಿ’ ಐರ್ಲೆಂಡಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದವರಲ್ಲಿ ಒಬ್ಬರು. 1910ರಲ್ಲಿ ಲಂಡನ್ನಿನ ಡೌನಿಂಗ್ ಸ್ಟ್ರೀಟಿನಲ್ಲಿ ಕಿಟಕಿ ಒಡೆದು ಹಾಲೊವೇ ಸೆರೆಮನೆ ಸೇರಿದರು. 1913ರಲ್ಲಿ ಡಬ್ಲಿನ್ ಕ್ಯಾಸಲ್‌ನ ಗಾಜು ಒಡೆದು ಮತ್ತೆ ಒಂದು ತಿಂಗಳು ಒಳಗೆ, ಅಲ್ಲಿ ಉಪವಾಸ. ಸಂಗೀತದಲ್ಲಿ ಪದವಿ ಪಡೆದಿದ್ದ ಕೈಗಳು ಅವು!

1918ರಲ್ಲಿ, ಆಗ ಐರ್ಲೆಂಡನ್ನೂ ಆಳುತ್ತಿದ್ದ ಬ್ರಿಟನ್ 30 ದಾಟಿದ ಹೆಂಗಸರಿಗೆ ಷರತ್ತಿನ ಮೇಲೆ ಮತ ಕೊಟ್ಟಾಗ ಅವರು ಈಗಿನ ಆಂಧ್ರದ ಮದನಪಲ್ಲಿಯಲ್ಲಿದ್ದರು. ತವರಿನ ಹೋರಾಟ ಒಂದು ಹಂತಕ್ಕೆ ಬಂದಿತ್ತು, ಇಲ್ಲಿನದು ಆಗತಾನೇ ಮೊದಲಾಗಿತ್ತು. ಅದಕ್ಕೂ ಮುಂಚೆ, 1917ರಲ್ಲಿ, ಮದ್ರಾಸಿಗೆ ಬರಲಿದ್ದ ಬ್ರಿಟಿಷ್ ಸರ್ಕಾರದ ಭಾರತ ವ್ಯವಹಾರಗಳ ಸಚಿವ ಮಾಂಟೆಗು ಅವರ ಭೇಟಿಗೆ ಅರ್ಜಿ ಹಾಕಿದಾಗ ಅವರು ಬರೆದದ್ದು ಹೆಣ್ಣುಮಕ್ಕಳ ಶಿಕ್ಷಣದ ವಿಷಯ. ರಾಜಕೀಯ ಅಹವಾಲಿಗೆ ಮಾತ್ರ ಅವಕಾಶವೆಂದು ತಿಳಿಯಿತು. ಸರಿ, ಮತದಾನದ ಬೇಡಿಕೆಯನ್ನೇ ಸೇರಿಸಿದರು! ಸರೋಜಿನಿ ನಾಯ್ಡು ನೇತೃತ್ವದ ನಿಯೋಗ ಆ ಮನವಿಯನ್ನು ಮಂಡಿಸಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಆಸ್ತಿಯುಳ್ಳ ಮಹಿಳೆಯರಿಗೆ ಮತ ಕೊಟ್ಟಿತು. ಆಗ ನಮ್ಮ ದಕ್ಷಿಣ ಕನ್ನಡವೂ ಆ ಪ್ರಾಂತ್ಯದಲ್ಲೇ ಇತ್ತು ಎಂಬುದನ್ನು ಮರೆಯಬಾರದು. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಚುನಾವಣೆಗೆ ನಿಲ್ಲುವಂತೆ ಹುರಿದುಂಬಿಸಿದವರೂ ಮಾರ್ಗರೆಟ್ ಅವರೇ. ಕಮಲಾದೇವಿ ಅಲ್ಪ ಮತಗಳಿಂದ ಸೋತರು.

1922ರಲ್ಲಿ ಸರ್ಕಾರವೇ ಗೌರವ ಮ್ಯಾಜಿಸ್ಟ್ರೇಟರನ್ನಾಗಿ ಮಾಡಿದ್ದ ಈಕೆಯನ್ನು 1932ರಲ್ಲಿ ಸ್ವಾತಂತ್ರ್ಯ ಚಳವಳಿಯನ್ನು ಹತ್ತಿಕ್ಕುವ ಸುಗ್ರೀವಾಜ್ಞೆಗಳ ವಿರುದ್ಧ ಮಾತಾಡಿದ್ದಕ್ಕೆ ಅದೇ ಸರ್ಕಾರ ವೆಲ್ಲೂರು ಜೈಲಿಗೆ ಕಳಿಸಿತು. ನನಗೆ ಇದಕ್ಕಿಂತ ಹೆಚ್ಚಾಗಿ ಹಿಡಿಸುವುದು ಬೇರೊಂದು: ಭಾರತದ ಹೆಂಗಸರು ಮುಂದಾಳುಗಳಾಗಿ ಬೆಳೆದಾಗ, ಇನ್ನು ತಾನು ಮುಂದೆ ನಿಲ್ಲಬೇಕಿಲ್ಲವೆಂದು ಅವರೇ ಬದಿಗೆ ಸರಿದರು.

ರವೀಂದ್ರರು 1919ರಲ್ಲಿ ಮದನಪಲ್ಲಿಯಲ್ಲಿ ಹಾಡಿದ ‘ಜನಗಣಮನ’ಕ್ಕೆ ಮಾರ್ಗರೆಟ್ ಸ್ವರಲಿಪಿ ಬರೆದದ್ದನ್ನು ರಸಪ್ರಶ್ನೆ ನಡೆಸುವವರಷ್ಟೇ ನೆನಪಿಟ್ಟಂತಿದೆ. ಬರುವ ಡಿಸೆಂಬರಿನಲ್ಲಿ ಭಾಷಣಕಾರರು ಜೇಮ್ಸ್ ಅವರಿಗೆ ಕೊಡುವ ಹತ್ತು ನಿಮಿಷದಲ್ಲಿ ಎರಡನ್ನಾದರೂ ಮಾರ್ಗರೆಟ್ ಅವರಿಗೆ ಕೊಡಲಿ.

– ನಿವೃತ್ತ ಶಿಕ್ಷಕಿ, ಮೈಸೂರು